ಜ್ವರದ ಪುಸ್ತಕ

ಮಾರ್ಚ್ 4

ತಮ್ಮಾ,

ನೀನು ಹೋಗಿ ಇನ್ನೂ ಒಂದು ದಿನ ತುಂಬಿಲ್ಲ, ಆಗಲೇ ಕಾಗದ ಶುರು ಮಾಡಿದಳಲ್ಲ ಎಂದು ಹಲ್ಲು ಕಿರಿಯಬೇಡ. ಶಿಬಿರದ ಗೇಟಿನಲ್ಲೇ ಮೊಬೈಲು ಕಿತ್ತಿಟ್ಟುಕೊಳ್ಳುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಆ ಅರ್ಜಿಗೆ ನಾನು ಸಹಿಯನ್ನೇ ಹಾಕುತ್ತಿರಲಿಲ್ಲ. ಕ್ಯಾನ್ಸರಿನಿಂದ ಎದ್ದು ಬಂದ ಹುಡುಗ ಹುಡುಗಿಯರನ್ನು ಬಂಡೆ ಹತ್ತಿಸಿ, ಹೊಳೆಗೆ ಇಳಿಸಿ ಮತ್ತೆ ಬದುಕಿಗೆ ಹಚ್ಚುತ್ತಾರಂತೆ. ಎರಡು ವರ್ಷ ಆಸ್ಪತ್ರೆಯ ಮಂಚದ ಮೇಲೆ ನೀನು ತೋರಿಸಿದ್ದಕ್ಕಿಂತ ಹೆಚ್ಚಿನ ಧೈರ್ಯ ಯಾವ ಬಂಡೆಯ ತುದಿಯಲ್ಲಿದೆಯೋ ನನಗಂತೂ ಗೊತ್ತಿಲ್ಲ. ಡಾಕ್ಟರು "ಹೋಗಿ ಬರ್ಲಿ ಬಿಡಮ್ಮ, ಇಪ್ಪತ್ನಾಲ್ಕು ವರ್ಷದ ಹುಡುಗ" ಎಂದರು. ಚಿಕ್ಕಮ್ಮನೂ ಅವರ ಕಡೆ ಸೇರಿಕೊಂಡಳು. ನಾನೊಬ್ಬಳೇ ಎಷ್ಟೆಂದು ಹೋರಾಡಲಿ.

ಈಗ ಕಿವಿಗೊಟ್ಟು ಕೇಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲವೂ ಜ್ವರ ನೋಡಿಕೋ. ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ ಬ್ಯಾಗಿನ ಎಡಗಡೆ ಜೇಬಿನಲ್ಲಿ ಇಟ್ಟಿದ್ದೇನೆ. ಪ್ರತಿ ಕಾಗದದ ಕೊನೆಗೆ ಅಂಕಿ ಬರೆ, ನಾನು ಇಲ್ಲಿ ಜ್ವರದ ಪುಸ್ತಕಕ್ಕೆ ಏರಿಸಿಕೊಳ್ಳುತ್ತೇನೆ. ಎರಡು ವರ್ಷದಿಂದ ಒಂದು ಹೊತ್ತೂ ಖಾಲಿ ಬಿಡದ ಪುಸ್ತಕ ಅದು, ನಿನ್ನ ಸಾಹಸಕ್ಕಾಗಿ ಈಗ ಖಾಲಿ ಬಿಡಲಾರೆ. ಎರಡೂ ಸ್ವೆಟರು ಹಾಕಿಕೋ. ಕಾಯಿಸಿದ ನೀರನ್ನೇ ಕುಡಿ. ನಿನ್ನ ಮೂಳೆಯೊಳಗೆ ಕೂತು ರಕ್ತ ಮಾಡುತ್ತಿರುವುದು ನನ್ನ ಮಜ್ಜೆ ಕಣೋ, ಕೊಟ್ಟವಳಿಗೂ ಅದರ ಮೇಲೆ ಸ್ವಲ್ಪ ಹಕ್ಕಿದೆ.

ಅಂಗಡಿಯಲ್ಲಿ ಎರಡು ಜೊತೆ ಕನ್ನಡಕದ ಗಾಜು ಉಜ್ಜುವುದಿದೆ. ನೀನು ಬಂದು ಚಕ್ರದ ಮುಂದೆ ಕೂರುತ್ತೀಯಲ್ಲ, ಅಪ್ಪನ ಆ ಸ್ಟೂಲಿನ ಕಾಲು ಅಲ್ಲಾಡುತ್ತಿತ್ತು, ಸರಿ ಮಾಡಿಸಿದ್ದೇನೆ. ಹದಿನೈದಕ್ಕೆ ನಾಲ್ಕು ಗಂಟೆ ಬಸ್ಸಿನ ಹೊತ್ತಿಗೆ ನಿಲ್ದಾಣದಲ್ಲಿ ಇರುತ್ತೇನೆ.

ಅಕ್ಕ

*

ಮಾರ್ಚ್ 8

ಅಕ್ಕಾ,

ನಿನ್ನ ಕಾಗದ ತರಕಾರಿ ಜೀಪಿನಲ್ಲಿ, ಎಲೆಕೋಸಿನ ಮೇಲೆ ಕೂತು ಬಂತು. ಅಂಚೆ ಇಲ್ಲಿಗೆ ಬರುವುದು ವಾರಕ್ಕೆ ಎರಡೇ ಸಲ, ಅದೇ ಜೀಪಿನಲ್ಲಿ. ಆದ್ದರಿಂದ ತಡವಾದರೆ ನನಗೆ ಏನೋ ಆಗಿದೆ ಎಂದು ಎದೆ ಒಡೆದುಕೊಳ್ಳಬೇಡ.

ಇಲ್ಲಿ ಯಾರಿಗೂ ಮನೆಯಲ್ಲಿಟ್ಟ ಹೆಸರಿಲ್ಲ. ಮೊದಲ ಬೆಳಿಗ್ಗೆಯೇ ಎಲ್ಲರನ್ನೂ ಸಾಲಾಗಿ ಕೂರಿಸಿ ಅಡ್ಡಹೆಸರು ಇಟ್ಟುಬಿಡುತ್ತಾರೆ. ಸುಡುವ ಬಿಸಿಲಲ್ಲಿ ಒಂದರ ಮೇಲೊಂದು ಸ್ವೆಟರು ಹಾಕಿಕೊಂಡು ಬಂದವನಿಗೆ ಏನು ಇಟ್ಟಿರುತ್ತಾರೆ, ನೀನೇ ಊಹಿಸು. ಹೌದು, ನಾನು ಸ್ವೆಟರ್. ನನ್ನ ಹಗ್ಗದ ಜೊತೆಗಾತಿ ಡೋಲು ಎಂಬ ಹುಡುಗಿ. ಅವಳ ಎಡಗಾಲು ಮೊಣಕಾಲಿನ ಕೆಳಗೆ ಕೃತಕ ಕಾಲು, ಊಟಕ್ಕೆ ತಡವಾದರೆ ಅದರ ಮೇಲೆ ಚಮಚದಿಂದ ಬಾರಿಸುತ್ತಾಳೆ. ಬಂಡೆ ಹತ್ತಲು ಕಲಿಸುವವರು ಅರವತ್ತು ದಾಟಿದ ಒಬ್ಬರು ಅಮ್ಮ. ಅವರನ್ನು ಎಲ್ಲರೂ ಹಗ್ಗದಮ್ಮ ಎನ್ನುತ್ತಾರೆ.

ಮೊದಲ ದಿನ ಎರಡಾಳೆತ್ತರ ಹತ್ತಿದೆ, ಅಷ್ಟೇ. ಕಾಲು ಹೊಲಿಗೆ ಯಂತ್ರದ ಹಾಗೆ ನಡುಗತೊಡಗಿತು. ಇಳಿಸಿ ಎಂದು ಕೂಗಿದೆ, ಇಳಿಸಿದರು. ಪಾಪ ಎನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ. ಹಗ್ಗದಮ್ಮ ಸೊಂಟದ ಗಂಟು ಬಿಚ್ಚುತ್ತಾ "ನಾಳೆನೂ ಬಂಡೆ ಇಲ್ಲೇ ಇರತ್ತೆ" ಎಂದರು, ಹೋದರು. ನಿನ್ನೆ ನಾಲ್ಕಾಳೆತ್ತರ ಹೋಗಿದ್ದೆ.

ಹೇಗಿದ್ದೀಯ ಎಂದು ಇಲ್ಲಿ ಯಾರೂ ಕೇಳುವುದಿಲ್ಲ ಅಕ್ಕ. ಎಷ್ಟು ಹಗುರ ಅನ್ನಿಸುತ್ತದೆ ಗೊತ್ತಾ?

ಸಂಜೆ ಹೊತ್ತು ಹೊಳೆಯ ಸದ್ದು ನಮ್ಮ ಉಜ್ಜುವ ಚಕ್ರದ ಸದ್ದಿನ ಹಾಗೇ ಕೇಳಿಸುತ್ತದೆ. ಈಗ ನೀನು "ಕಣ್ಣು ಗಾಜಿನ ಮೇಲಿಡೋ" ಎಂದು ಗದರುತ್ತೀಯ ಎಂದು ಕಾಯುತ್ತಿರುತ್ತೇನೆ.

ಜ್ವರ: 98.4

ಸ್ವೆಟರ್

*

ಮಾರ್ಚ್ 12

ತಮ್ಮಾ,

ಹೇಗಿದ್ದೀಯ ಎಂದು ಕೇಳುವುದಿಲ್ಲವಂತೆ! ಇಪ್ಪತ್ತು ಜನ ಕಾಯಿಲೆಯಿಂದ ಎದ್ದ ಮಕ್ಕಳನ್ನು ಒಟ್ಟು ಹಾಕಿಕೊಂಡು, ಹೇಗಿದ್ದೀರಿ ಎಂದು ಕೇಳುವಷ್ಟೂ ಪುರುಸೊತ್ತಿಲ್ಲವೇ ಅವರಿಗೆ? ನಿನ್ನ ಹಗ್ಗದಮ್ಮನಿಗೆ ನಾನೇ ಒಂದು ಕಾಗದ ಬರೆಯಬೇಕೆಂದಿದ್ದೆ, ಚಿಕ್ಕಮ್ಮ ಪೆನ್ನು ಕಿತ್ತುಕೊಂಡಳು. ಅವಳ ಮಾತು ಬಿಡು. ಕನ್ನಡಕದ ಅಂಗಡಿಯ ಮೇಲೆಯೇ ಮನೆ, ಎದುರಿಗೆ ಬರುವವರು ಗಂಡೋ ಹೆಣ್ಣೋ ಕಾಣುವುದಿಲ್ಲ, ಆದರೂ ಕನ್ನಡಕ ಬೇಡವಂತೆ, ಮುಖ ಹಾಳಾಗುತ್ತದಂತೆ.

ನಿನ್ನ ಕೋಣೆಯ ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಿನಲ್ಲಿ ಒಗೆದು ಹಾಕಿದ್ದೇನೆ. ಬಾಗಿಲ ಹಿಡಿಕೆ, ಸ್ವಿಚ್ಚು, ಕಿಟಕಿಯ ಕಂಬಿ ಎಲ್ಲ ಒರೆಸಿದ್ದಾಗಿದೆ. ನೀನಿಲ್ಲದ ಕೋಣೆಯನ್ನು ದಿನಾ ಯಾಕೆ ಒರೆಸುತ್ತೀಯ ಎಂದು ಚಿಕ್ಕಮ್ಮ ಕೇಳಿದಳು. ಕೈಗೆ ಅಭ್ಯಾಸ ಆಗಿಬಿಟ್ಟಿದೆ ಎಂದೆ. ಇನ್ನು ಮೂರೇ ದಿನ.

ಅಕ್ಕ

*

ಮಾರ್ಚ್ 14

ಅಕ್ಕಾ,

ಇದನ್ನು ಡೋಲು ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವಳು ನಮ್ಮೂರಿನ ಮೇಲೆಯೇ ಹೋಗುತ್ತಾಳೆ. ಓದುವ ಹೊತ್ತಿಗೆ ನೀನು ನಿಲ್ದಾಣದಲ್ಲಿ ಇರುತ್ತೀಯ. ಕೋಪ ಮಾಡಿಕೊಳ್ಳಬೇಡ.

ನಾಳೆ ನಾನು ಬರುತ್ತಿಲ್ಲ. ಹಗ್ಗ ನೋಡಿಕೊಳ್ಳಲು ಇಲ್ಲಿ ಒಬ್ಬರು ಬೇಕಂತೆ, ಒಂದು ತಿಂಗಳು ಇರುತ್ತೀಯಾ ಎಂದು ಕೇಳಿದರು. ಬಾಯಿಂದ ಹ್ಞೂಂ ಬಂದುಬಿಟ್ಟಿತು. ಎರಡು ವರ್ಷದಲ್ಲಿ ಯಾರಾದರೂ ನನ್ನಿಂದ ಒಂದು ಕೆಲಸ ಆಗುತ್ತದೆ ಎಂದು ಕೇಳಿದ್ದು ಇದೇ ಮೊದಲು. ಏಪ್ರಿಲ್ ಹದಿನಾಲ್ಕರ ತಪಾಸಣೆಯನ್ನು ಇಲ್ಲೇ ಬೆಟ್ಟದ ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಮಾಡಿಸಬಹುದು. ನಮ್ಮ ಡಾಕ್ಟರ ಜೊತೆ ಶಿಬಿರದ ನರ್ಸು ಮಾತಾಡಿದ್ದಾರೆ.

ಬಂಡೆ ಪೂರ್ತಿ ಹತ್ತಿದೆ ಅಕ್ಕ. ತುದಿಯಲ್ಲಿ ಕೂತಾಗ ಮೊದಲು ನೀನೇ ನೆನಪಾದೆ.

ಜ್ವರ: 98.4

ಸ್ವೆಟರ್

*

ಮಾರ್ಚ್ 18

ತಮ್ಮಾ,

ನಾಲ್ಕರ ಬಸ್ಸಿಗೆ ಮೂರಕ್ಕೇ ಹೋಗಿದ್ದೆ. ಜನ ಇಳಿದರು, ಸಾಮಾನು ಇಳಿಯಿತು, ಕೊನೆಗೆ ಕಂಡಕ್ಟರೂ ಇಳಿದ. ಬಾಗಿಲಲ್ಲಿ ನಿಂತು ಒಳಗೆ ಇಣುಕಿ ನೋಡುತ್ತಿದ್ದಾಗ ಒಬ್ಬ ಹುಡುಗಿ ಬಂದು "ನೀವು ಸ್ವೆಟರ್ ಅಕ್ಕ ಅಲ್ವಾ?" ಎಂದಳು. ಹೇಗೆ ಗುರುತಿಸಿದೆ ಎಂದರೆ, ಈ ಬಿಸಿಲಲ್ಲಿ ಕೈಯಲ್ಲಿ ಫ್ಲಾಸ್ಕು, ಹೆಗಲ ಮೇಲೆ ಉಣ್ಣೆ ಶಾಲು ಹಾಕಿಕೊಂಡು ನಿಂತವರು ಇನ್ಯಾರೂ ಇಲ್ಲ ಎಂದು ನಕ್ಕಳು. ನಿನಗೆಂದು ತಂದ ಹಾಲನ್ನು ಅವಳಿಗೆ ಕುಡಿಸಿದೆ. ಒಳ್ಳೆಯ ಹುಡುಗಿ. ನಿನ್ನ ಕಾಗದವನ್ನು ಅವಳ ಮುಂದೆ ಓದಲಿಲ್ಲ.

ಇರು. ಒಂದು ತಿಂಗಳಲ್ಲವೇ. ನಾನು ಬೇಡ ಎಂದರೆ ನೀನು ಬರುವ ಹಾಗಿದ್ದರೆ, ನನ್ನನ್ನು ಕೇಳಿಯೇ ಅವರಿಗೆ ಹ್ಞೂಂ ಅನ್ನುತ್ತಿದ್ದೆ. ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಆದರೆ ಕಾಗದಕ್ಕೆ ಒಂದೇ ಅಂಕಿ ಬರೆದರೆ ಆಗದು, ಪುಸ್ತಕದಲ್ಲಿ ಸಾಲು ಸಾಲು ಖಾಲಿ ಬೀಳುತ್ತಿದೆ. ದಿನದಿನದ್ದೂ ಮೂರು ಹೊತ್ತಿನದು ಬರೆ.

ಅಕ್ಕ

*

ಮಾರ್ಚ್ 24

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ಬೈದಿದ್ದರೆ ವಾಸಿಯಿತ್ತು.

ಕೆಲಸಕ್ಕೆ ನಿಂತವರಿಗೂ ಇಲ್ಲಿ ಮೊಬೈಲು ಇಲ್ಲ, ಕಾಗದದಲ್ಲೇ ನನ್ನ ಕೆಲಸ ಹೇಳುತ್ತೇನೆ. ದಿನಾ ಸಂಜೆ ಹಗ್ಗ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ, ಬಿಸಿಲಿಗೆ ಹಾಕುವಂತಿಲ್ಲ. ಆಮೇಲೆ ಈ ತುದಿಯಿಂದ ಆ ತುದಿಯವರೆಗೆ ಅಂಗುಲ ಅಂಗುಲವೂ ಬೆರಳ ನಡುವೆ ಹಾಯಿಸಿ ನೋಡಬೇಕು. ಎಲ್ಲಾದರೂ ಮೆತ್ತಗೆ ಸಿಕ್ಕಿದರೆ ಆ ಹಗ್ಗ ಅಲ್ಲಿಗೆ ಮುಗಿಯಿತು. ಗಾಜಿನ ಅಂಚು ಉಜ್ಜಿ ಬೆರಳಲ್ಲಿ ಸವರಿ ನೋಡುವುದನ್ನು ನೀನು ಕಲಿಸಿದ್ದೆಯಲ್ಲ, ಆ ಬೆರಳೇ ಇಲ್ಲಿ ನನಗೆ ಅನ್ನ ಹಾಕುತ್ತಿದೆ. ಇಷ್ಟು ಬೇಗ ಯಾರೂ ಕಲಿತಿರಲಿಲ್ಲ ಎಂದು ಹಗ್ಗದಮ್ಮ ಹೇಳಿದರು. ಕಲಿಸಿದವಳು ಅಕ್ಕ ಎಂದೆ.

ಈಗ ಕೆಳಗೆ ನಿಂತು ಹಗ್ಗ ಹಿಡಿಯುವುದನ್ನೂ ಕಲಿಯುತ್ತಿದ್ದೇನೆ. ಹೆದರಿಕೆಗೆ ಬಿಗಿಯಾಗಿ ಎಳೆದು ಹಿಡಿದಿದ್ದೆ. ಮೇಲಿದ್ದ ಹುಡುಗ ಕಾಲೆತ್ತಲು ಆಗದೆ ಬಯ್ದ. ಒಂದು ಗೇಣು ಸಡಿಲ ಬಿಡಬೇಕಂತೆ, ಕೈ ಮಾತ್ರ ಹಗ್ಗ ಬಿಡಬಾರದಂತೆ. ಕೇಳುವುದಕ್ಕೆ ಸುಲಭ. ನನ್ನ ಅಂಗೈ ಇನ್ನೂ ಬೆವರುತ್ತದೆ.

ಜ್ವರ: 22ರಂದು 98.2, 98.6, 98.4. 23ರಂದು 98.4, 98.4, 98.8. ಇವತ್ತು ಬೆಳಿಗ್ಗೆ 98.2, ಮಧ್ಯಾಹ್ನ 98.6. ಸಂಜೆಯದು ಇನ್ನೂ ನೋಡಬೇಕು. ಈಗ ಸಮಾಧಾನವೇ?

ಸ್ವೆಟರ್

*

ಮಾರ್ಚ್ 29
ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ಬರೆಯುತ್ತೇನೆ.

ತಮ್ಮಾ,

ಇವತ್ತು ಒಬ್ಬರು ಮುದುಕರು ಹಳೆಯ ಕಾಲದ ದುಂಡು ಫ್ರೇಮು ಬೇಕೆಂದು ಬಂದರು. ಅಪ್ಪನ ಪೆಟ್ಟಿಗೆ ತೆಗೆದೆ. ನಾನು ವರ್ಷಕ್ಕೊಮ್ಮೆಯೂ ತೆಗೆಯದ ಪೆಟ್ಟಿಗೆ ಅದು ಎಂದು ನಿನಗೆ ಗೊತ್ತಿತ್ತು. ಫ್ರೇಮುಗಳ ಕೆಳಗೆ, ನಾನು ಸುತ್ತಿದ ಹತ್ತಿಯೂ ಬಿಚ್ಚದೆ, ಥರ್ಮಾಮೀಟರು ಮಲಗಿತ್ತು.

ನೀನು ಕಳಿಸಿದ ಒಂದೊಂದು ಅಂಕಿಯನ್ನೂ ಸ್ಕೇಲು ಇಟ್ಟು ಗೆರೆ ಎಳೆದು ಪುಸ್ತಕಕ್ಕೆ ಏರಿಸಿದ್ದೇನಲ್ಲೋ. 98.8 ನೋಡಿ ಆ ದಿನ ಊಟ ಸೇರಿರಲಿಲ್ಲ. ಸಂಜೆಯದು ಇನ್ನೂ ನೋಡಬೇಕು ಎಂದು ಬೇರೆ ಬರೆದೆ. ಎಷ್ಟು ಚೆಂದದ ಸುಳ್ಳು. ಹಗ್ಗ ಸಡಿಲ ಬಿಡಬೇಕು ಎಂಬ ಉಪದೇಶ ಯಾರಿಗೆ ಎಂದು ತಿಳಿಯದಷ್ಟು ದಡ್ಡಿಯೂ ಅಲ್ಲ ನಾನು. ಅಮ್ಮ ಹೋದಾಗ ನಿನಗೆ ಒಂಬತ್ತು, ನನಗೆ ಹತ್ತೊಂಬತ್ತು. ಅಂದಿನಿಂದ ಹಿಡಿದ ಕೈ ಇದು. ಹೇಗೆ ಹಿಡಿಯಬೇಕೆಂದು ಈಗ ನಿನ್ನಿಂದ ಕಲಿಯಬೇಕೇ?

ಕೋಪಕ್ಕೆ ಆ ಥರ್ಮಾಮೀಟರು ಬಿಸಾಡಲು ಹೋದೆ. ಏನನ್ನಿಸಿತೋ, ತೊಳೆದು ನನ್ನ ಬಾಯಿಗೇ ಇಟ್ಟುಕೊಂಡೆ. ಎರಡು ದಿನದಿಂದ ಮೈ ಕೈ ನೋವಿತ್ತು. 101. ಬರೆದಿಡೋಣ ಎಂದು ಪುಸ್ತಕ ತೆರೆದರೆ ಅದರಲ್ಲಿ ನನಗೆ ಜಾಗವೇ ಇಲ್ಲ. ಎರಡು ವರ್ಷದ ಪುಸ್ತಕ, ಪ್ರತಿ ಪುಟ ನನ್ನ ಅಕ್ಷರ, ನನ್ನದೊಂದು ಅಂಕಿ ಇಲ್ಲ.

ನಿನಗೆ ಹುಷಾರಾಗಲಿ ಎಂದೇ ಎರಡು ವರ್ಷ ಜೀವ ಹಿಡಿದುಕೊಂಡಿದ್ದೆ. ಹುಷಾರಾಯಿತು. ಈಗ ಬೆಳಿಗ್ಗೆ ಆರಕ್ಕೆ ಏಳುತ್ತೇನೆ, ನೀರು ಕಾಯಿಸುತ್ತೇನೆ, ಯಾರಿಗೆ ಎಂದು ಆಮೇಲೆ ನೆನಪಾಗುತ್ತದೆ. ನೀನು ಬೇಗ ವಾಪಸು ಬಾ ಎನ್ನಲು ನನ್ನ ಬಳಿ ಇರುವ ಕಾರಣ ಇದೊಂದೇ. ಇದು ಹೇಳುವಂಥ ಕಾರಣವೂ ಅಲ್ಲ. ಆದರೆ ಬಾರೋ. ಮನೆ ಬಿಕೋ ಎನ್ನುತ್ತಿದೆ.

*

ಏಪ್ರಿಲ್ 2

ತಮ್ಮಾ,

ಕಾಗದ ತಲುಪಿತು. ಅಂಕಿಗಳನ್ನು ಏರಿಸಿಕೊಂಡೆ. ಇಲ್ಲಿ ಎಲ್ಲ ಆರಾಮ. ಅಂಗಡಿಯಲ್ಲಿ ಕೈ ತುಂಬ ಕೆಲಸ, ಬೇಸರಕ್ಕೆ ಪುರುಸೊತ್ತೇ ಇಲ್ಲ. ಚಿಕ್ಕಮ್ಮ ಕೊನೆಗೂ ಒಂದು ಕನ್ನಡಕ ಹಾಕಿ ನೋಡಿದಳು. ಕನ್ನಡಿ ನೋಡಿ "ಇಷ್ಟು ಸುಕ್ಕು ಯಾವಾಗ ಬಂತೇ?" ಎಂದು ತೆಗೆದಿಟ್ಟಳು.

ಮುಂದಿನ ಕಾಗದದಲ್ಲೂ ಜ್ವರದ ಅಂಕಿ ಮರೆಯದೆ ಬರೆ. ಚೆನ್ನಾಗಿ ಬರೆಯುತ್ತೀಯ.

ಅಕ್ಕ

*

ಏಪ್ರಿಲ್ 7

ಅಕ್ಕಾ,

ನೀನು ಆರಾಮಾಗಿದ್ದೀಯ ಎಂದು ತಿಳಿದು ಸಂತೋಷವಾಗಬೇಕಿತ್ತು. ಆಗಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ಎರಡು ವರ್ಷದ ಹೊರೆ ಇಳಿಯಿತು, ಅವಳಿಗೂ ಉಸಿರಾಡಲು ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಹೊಳೆದಂಡೆಯಲ್ಲಿ ಕೂತು ಅತ್ತೆ.

ಇನ್ನೊಂದು ನಿಜ. ಥರ್ಮಾಮೀಟರು ನನ್ನ ಬಳಿ ಇಲ್ಲ. ಹೊರಡುವ ದಿನ ಬೇಕೆಂದೇ ಅಪ್ಪನ ಪೆಟ್ಟಿಗೆಯಲ್ಲಿ ಇಟ್ಟು ಬಂದೆ. ಬರೆದ ಅಂಕಿಯೆಲ್ಲ ನಾನೇ ಕಟ್ಟಿದ್ದು. ನಿನಗೆ ಅನುಮಾನ ಬರಬಾರದೆಂದು ನಡುವೆ ಒಂದು 98.8 ಸೇರಿಸಿದ್ದೆ. ಎಂಥ ಕಳ್ಳ ನೋಡು.

ಯಾಕೆ ಗೊತ್ತಾ? ಥರ್ಮಾಮೀಟರು ನನ್ನ ಬಾಯಿಂದ ತೆಗೆದು ನೀನು ಕಿಟಕಿಯ ಕಡೆ ತಿರುಗುತ್ತಿದ್ದೆಯಲ್ಲ, ಆಗ ನಾನು ನಿನ್ನ ಮುಖ ನೋಡುತ್ತಿದ್ದೆ. ನನ್ನ ಜ್ವರ ನನಗೆ ತಿಳಿಯುತ್ತಿದ್ದದ್ದು ನಿನ್ನ ಮುಖದಿಂದ. ಆಸ್ಪತ್ರೆಯ ವರದಿ ಬಂದರೆ ನೀನು ಅಂಗಡಿಯಲ್ಲಿ ಚಕ್ರದ ಹಿಂದೆ ಹೋಗಿ ಒಡೆದು, ಮುಖ ಸರಿ ಮಾಡಿಕೊಂಡು ಮೇಲೆ ಬರುತ್ತಿದ್ದೆ. ಮೆಟ್ಟಿಲ ಮೇಲೆ ನಿನ್ನ ಕಾಲಿನ ಸದ್ದಿನಲ್ಲೇ ನನಗೆ ಗೊತ್ತಾಗಿಬಿಡುತ್ತಿತ್ತು. ನಿನ್ನ ಮುಖದಲ್ಲಿ ಜ್ವರ ಇಲ್ಲದ ಒಂದು ದಿನ ಬರಬೇಕು ಅನ್ನಿಸಿತ್ತು ಅಕ್ಕ. ಅದು ನಾನು ಎದುರಿಗಿದ್ದರೆ ಆಗುತ್ತಿರಲಿಲ್ಲ.

ಇಲ್ಲಿ ವರ್ಷ ಪೂರ್ತಿ ಇರುತ್ತೀಯಾ ಎಂದು ಹಗ್ಗದಮ್ಮ ಕೇಳಿದ್ದಾರೆ. ಉತ್ತರ ಕೊಟ್ಟಿಲ್ಲ. ಈ ಸಲ ನಿನ್ನನ್ನು ಕೇಳಿಯೇ ಕೊಡುತ್ತೇನೆ. ನೀನು ಬಾ ಎಂದರೆ ಬರುತ್ತೇನೆ, ಮುನಿಸಿಲ್ಲದೆ ಬರುತ್ತೇನೆ, ಸ್ಟೂಲಿನ ಮೇಲೆ ಕೂರುತ್ತೇನೆ.

ಮೇ ಮೂರಕ್ಕೆ ಇಲ್ಲಿ ಮನೆಯವರ ದಿನ. ನಮ್ಮನ್ನು ನೋಡಿಕೊಂಡವರು ಬಂದು ಬಂಡೆ ಹತ್ತುತ್ತಾರೆ, ಕೆಳಗೆ ಹಗ್ಗ ಹಿಡಿಯುವವರು ನಾವು. ಬರುತ್ತೀಯಾ?

ಜ್ವರ: ಗೊತ್ತಿಲ್ಲ. ಮೈ ತಣ್ಣಗಿದೆ.

ನಿನ್ನ ತಮ್ಮ

*

ಏಪ್ರಿಲ್ 22

ತಮ್ಮಾ,

ಹದಿನೈದು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ "ಬಾ" ಎಂಬ ಒಂದೇ ಅಕ್ಷರ ಬರುತ್ತಿತ್ತು. ಅದನ್ನೇ ಹಾಕಿ ಕಳಿಸಿದ್ದರೆ ನೀನು ಬಂದುಬಿಡುತ್ತಿದ್ದೆ. ಅದಕ್ಕೇ ಹೆದರಿದೆ.

ನಿನ್ನೆ ಆಸ್ಪತ್ರೆಯ ಲಕೋಟೆ ಬಂತು. ಹದಿನಾಲ್ಕರ ತಪಾಸಣೆಯದು. ನಮ್ಮ ಡಾಕ್ಟರು ಅಲ್ಲಿಗೆ ಕಳಿಸಿದ ಹಳೆಯ ಕಡತದಲ್ಲಿ ಅಂಗಡಿಯ ವಿಳಾಸವೇ ಇರಬೇಕು, ಇಲ್ಲಿಗೇ ಕಳಿಸಿದ್ದಾರೆ. ಎಂದಿನಂತೆ ಚಕ್ರದ ಹಿಂದೆ ಹೋದೆ. ಕತ್ತರಿ ಕೈಯಲ್ಲಿತ್ತು. ಚಿಕ್ಕಮ್ಮ ಮೆಟ್ಟಿಲ ಮೇಲಿಂದ "ಒಡಿಯೇ, ಇನ್ನೂ ಏನು ನೋಡ್ತಾ ಕೂತಿದೀಯ?" ಎಂದಳು. ಸುಳ್ಳು ಹೇಳುವುದಿಲ್ಲ, ಬೆಳಕಿಗೆ ಹಿಡಿದು ನೋಡಿದೆ. ಲಕೋಟೆ ದಪ್ಪ, ಏನೂ ಕಾಣಲಿಲ್ಲ. ಲೆನ್ಸು ನೋಡುವ ದೀಪಕ್ಕೂ ಹಿಡಿದೆ. ಅದೂ ಪ್ರಯೋಜನವಾಗಲಿಲ್ಲ. ಆಮೇಲೆ ಕತ್ತರಿಯನ್ನು ಅದರ ಮೊಳೆಗೆ ತಗುಲಿಹಾಕಿದೆ.

ಲಕೋಟೆಯನ್ನು ಒಡೆಯದೆ ಇದರೊಳಗೆ ಇಟ್ಟಿದ್ದೇನೆ. ನಿನ್ನ ಹೆಸರಿಗೆ ಬಂದಿದೆ, ನೀನೇ ಒಡೆ. ಓದುವಾಗ ಮುಖ ಹೇಗಾದರೂ ಇರಲಿ, ಯಾರಿಗೂ ಸರಿ ಮಾಡಿ ತೋರಿಸಬೇಕಾಗಿಲ್ಲ. ಏನಿದ್ದರೂ ಬರೆ. ನಿನ್ನ ಉತ್ತರ ಬರುವವರೆಗೆ ನಾನು ಹೇಗಿರುತ್ತೇನೆ ಎಂದು ಮಾತ್ರ ಕೇಳಬೇಡ.

ಇದರ ಜೊತೆ ಇನ್ನೊಂದು ಕಾಗದ ಇದೆ, ಮಾರ್ಚ್ 29ರದ್ದು. ಅಂಚೆಗೆ ಹಾಕುವುದಿಲ್ಲ ಎಂದು ಮೇಲೇ ಬರೆದಿದ್ದೇನೆ, ಆದರೂ ಹಾಕುತ್ತಿದ್ದೇನೆ. ನೀನು ನಿಜ ಹೇಳಿದ ಮೇಲೆ ನಾನು ಆರಾಮ ಎಂಬ ಸುಳ್ಳನ್ನು ಇಟ್ಟುಕೊಂಡು ಏನು ಮಾಡಲಿ. ಥರ್ಮಾಮೀಟರು ಸಿಕ್ಕಿದ್ದು ನಿನ್ನ ಕಾಗದಕ್ಕಿಂತ ಮೊದಲೇ. ಸಿಕ್ಕಿದ ಮೇಲೂ ಅಂಕಿ ಬರೆ ಎಂದು ಕೇಳಿದೆ. ಸುಳ್ಳಾದರೂ ಅದು ನಿನ್ನ ಕೈಬರಹವಲ್ಲವೇ.

ಹಗ್ಗದಮ್ಮನಿಗೆ ಹ್ಞೂಂ ಎನ್ನು. ಸ್ಟೂಲಿನ ಮೇಲೆ ಕೂರಲು ಬೇರೆ ಯಾರನ್ನಾದರೂ ನೋಡುತ್ತೇನೆ. ಬೆರಳು ಚೆನ್ನಾಗಿರುವವರು ಸಿಗುವುದು ಕಷ್ಟ, ಅಷ್ಟೇ.

ಅಕ್ಕ

*

ಏಪ್ರಿಲ್ 26

ಅಕ್ಕಾ,

ಮೊದಲು ಇದು: ಎಲ್ಲ ಸರಿಯಿದೆ. ರಕ್ತ ಚೆನ್ನಾಗಿದೆ. ನಿನ್ನ ಮಜ್ಜೆ ನನ್ನೊಳಗೆ ನಿನ್ನ ಹಾಗೆಯೇ ಬಿಡುವಿಲ್ಲದೆ ದುಡಿಯುತ್ತಿದೆಯಂತೆ. ಮತ್ತೆ ಆರು ತಿಂಗಳಿಗೆ ಹೋದರೆ ಸಾಕು.

ಬಂಡೆಯ ತುದಿಗೆ ಹೋಗಿ ಒಡೆಯಬೇಕು ಎಂದುಕೊಂಡಿದ್ದೆ. ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಜೀಪಿನ ಪಕ್ಕದಲ್ಲೇ ಆಲೂಗಡ್ಡೆ ಮೂಟೆಯ ಮೇಲೆ ಕೂತು ಒಡೆದೆ. ಓದಿದೆ, ಮಡಿಸಿದೆ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಆಮೇಲೆ ಮಾರ್ಚ್ 29ರ ಕಾಗದ ಬಿಡಿಸಿದೆ. ಜೀಪಿನವರು ಆ ಮೂಟೆಯನ್ನು ಅಡುಗೆಮನೆಗೆ ಒಯ್ಯಬೇಕಿತ್ತು, ನಾನು ಏಳುವವರೆಗೆ ಕಾದರು. ವರದಿ ಕೆಟ್ಟದಾಗಿ ಬಂದಿದೆ ಎಂದುಕೊಂಡರೋ ಏನೋ, ಹಗ್ಗದಮ್ಮ ಓಡಿ ಬಂದರು. ಏನಾಯಿತೋ ಎಂದರೆ "ನಮ್ಮಕ್ಕನಿಗೆ ಜ್ವರ ಬಂದಿತ್ತಂತೆ" ಎಂದೆ. ಯಾವಾಗ ಎಂದರು. ಹೋದ ತಿಂಗಳು ಎಂದೆ. ಅವರು ನಗಲಿಲ್ಲ, ಪಕ್ಕದಲ್ಲಿ ಕೂತರು.

101 ಇದ್ದಾಗ ನಿನಗೆ ನೀರು ಕಾಯಿಸಿ ಕೊಟ್ಟವರು ಯಾರು? ಅಂಗಡಿ ಮುಚ್ಚಿದೆಯೋ, ಅದರಲ್ಲೇ ಗಾಜು ಉಜ್ಜಿದೆಯೋ? ಉಜ್ಜಿರುತ್ತೀಯ, ನನಗೆ ಗೊತ್ತು.

ಉಗ್ರಾಣದಿಂದ ಒಂದು ಹೊಸ ನೋಟ್‌ಬುಕ್ ಕೇಳಿ ತಂದಿದ್ದೇನೆ. ಸ್ಕೇಲು ಇಟ್ಟು ಗೆರೆ ಎಳೆದಿದ್ದೇನೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು. ಮೊದಲ ಸಾಲಿನಲ್ಲಿ "ಮಾರ್ಚ್ 29, ಅಕ್ಕ, 101" ಎಂದು ಬರೆದಿದ್ದೇನೆ. ಅದರ ಕೆಳಗೆ ಖಾಲಿ ಇದೆ. ನೀನು ಬರೆದು ಕಳಿಸು, ಏರಿಸಿಕೊಳ್ಳುತ್ತೇನೆ. ಕಟ್ಟಿ ಬರೆದರೆ ನನಗೆ ತಿಳಿಯುತ್ತದೆ, ನಾನು ಆ ವಿದ್ಯೆಯಲ್ಲಿ ಪಳಗಿದವನು.

ಮೇ ಮೂರಕ್ಕೆ ಬರುತ್ತೀಯೋ ಇಲ್ಲವೋ ಹೇಳಲೇ ಇಲ್ಲ ನೀನು.

ನಿನ್ನ ತಮ್ಮ

*

ಏಪ್ರಿಲ್ 30

ತಮ್ಮಾ,

ಎಲ್ಲ ಸರಿಯಿದೆ ಎಂಬ ಸಾಲನ್ನು ಚಿಕ್ಕಮ್ಮನಿಗೆ ಮೂರು ಸಲ ಓದಿ ಹೇಳಿದೆ. ನಾಲ್ಕನೆಯ ಸಲ ಅವಳೇ ಕನ್ನಡಕ ತರಿಸಿ ಹಾಕಿಕೊಂಡು ಓದಿದಳು. ಈಗ ತೆಗೆಯುತ್ತಿಲ್ಲ. ಮೂರು ದಿನ ಅಂಗಡಿ ನೋಡಿಕೊಳ್ಳುತ್ತಾಳಂತೆ. ಗಿರಾಕಿಗಳ ಗತಿ ಏನೋ.

ಎರಡನೇ ತಾರೀಖು ಹೊರಡುವ ಬಸ್ಸಿಗೆ ಟಿಕೆಟು ಮಾಡಿಸಿದ್ದೇನೆ. ಈ ಕಾಗದ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ, ಇಬ್ಬರೂ ಅದೇ ಎಲೆಕೋಸಿನ ಜೀಪಿನಲ್ಲಿ ಬಂದಿಳಿದರೂ ಆಶ್ಚರ್ಯವಿಲ್ಲ. ಮೂವತ್ತನಾಲ್ಕರ ಹೆಂಗಸು, ಏಣಿ ಹತ್ತಿ ಬಲ್ಬು ಹಾಕಿದ್ದು ಬಿಟ್ಟರೆ ಬೇರೇನೂ ಹತ್ತಿದವಳಲ್ಲ. ಬಿಗಿಯಾಗಿ ಹಿಡಿಯಬೇಡ ಎಂದು ಹೇಳಿಕೊಟ್ಟಿದ್ದಾರೆಂದು ಪೂರ್ತಿ ಬಿಟ್ಟುಬಿಡಬೇಡ ಮತ್ತೆ.

ನಿನ್ನ ಪುಸ್ತಕಕ್ಕೆ ಏರಿಸಿಕೋ. ನಿನ್ನೆ ಬೆಳಿಗ್ಗೆ 98.2, ಮಧ್ಯಾಹ್ನ 98.6, ಸಂಜೆ 98.4. ಇವತ್ತು ಬೆಳಿಗ್ಗೆ 98.4. ಎಲ್ಲ ನಿಜವಾದದ್ದೇ.

ಥರ್ಮಾಮೀಟರನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಅಪ್ಪನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಬೇಕೆಂದೇ ಬಿಟ್ಟು ಬರುತ್ತಿದ್ದೇನೆ. ಮೂರನೇ ತಾರೀಖಿನದನ್ನು ನೀನೇ ನನ್ನ ಹಣೆ ಮುಟ್ಟಿ ನೋಡಿ ಬರೆದುಕೋ.

ಅಕ್ಕ